ಅಂಕಿತ ಮತ್ತು ಬಳಕೆದಾರ ಹೆಸರು: ಸಾಮಾಜಿಕ ಜಾಲತಾಣಗಳಲ್ಲಿ ಹೆಸರಿನ ಆಯ್ಕೆ

ಹೆಸರಿಡುವುದು ಭಾಷೆಯ ಮೂಲಭೂತ ಕ್ರಿಯೆಗಳಲ್ಲಿ ಒಂದು. ಮಗುವಿಗೆ ಹಿರಿಯರು ಹೆಸರಿಡುತ್ತಾರೆ. ಊರಿಗೆ, ಕೆರೆಗೆ, ಹೊಲಕ್ಕೆ ಸಮುದಾಯವು ಹೆಸರಿಡುತ್ತದೆ. ವ್ಯಕ್ತಿಯು ತನಗೆ ತಾನೇ ಹೆಸರನ್ನು ಆರಿಸಿಕೊಳ್ಳುವ ಸಂದರ್ಭಗಳು ಮಾತ್ರ ವಿರಳ. ಕನ್ನಡದಲ್ಲಿ ವಚನಕಾರರ ಅಂಕಿತ ಹಾಗೂ ಆಧುನಿಕ ಲೇಖಕರ ಕಾವ್ಯನಾಮ ಅಂತಹ ವಿರಳ ಸಂದರ್ಭಗಳು. ಹಿಂದೆ ಕವಿಗಳಿಗೂ ಶರಣರಿಗೂ ಸೀಮಿತವಾಗಿದ್ದ ಈ ಆಯ್ಕೆ ಇಂದು ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆಯುವ ಪ್ರತಿಯೊಬ್ಬರ ಮುಂದೆಯೂ ಬರುತ್ತದೆ. ವಿದ್ಯಾರ್ಥಿ, ರೈತ, ಗೃಹಿಣಿ, ಸಂಶೋಧಕ ಎಂಬ ಭೇದವಿಲ್ಲದೆ ಎಲ್ಲರೂ ಒಂದು 'ಬಳಕೆದಾರ ಹೆಸರ'ನ್ನು ಸೂಚಿಸಲೇಬೇಕು.

ಈ ಆಯ್ಕೆ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಬಯಸಿದ ಹೆಸರು ಈಗಾಗಲೇ ಬೇರೆಯವರ ಪಾಲಾಗಿದ್ದರೆ ಅದರ ಕೊನೆಗೆ ಹುಟ್ಟಿದ ವರ್ಷವನ್ನೋ ಮೊಬೈಲ್ ಸಂಖ್ಯೆಯ ಕೆಲವು ಅಂಕಿಗಳನ್ನೋ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಹೀಗೆ ಅವಸರದಲ್ಲಿ ಪಡೆದ ಹೆಸರು ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಭೇಟಿಪತ್ರದಲ್ಲಿ, ಪುಸ್ತಕದ ಬೆನ್ನುಪುಟದಲ್ಲಿ, ಕಾರ್ಯಕ್ರಮದ ಆಮಂತ್ರಣದಲ್ಲಿ ಅಚ್ಚಾಗುತ್ತದೆ. ಒಂದೇ ಹೆಸರಿನ ಹಲವರನ್ನು ಬೇರ್ಪಡಿಸುವ ಸಮಸ್ಯೆ ಕನ್ನಡಕ್ಕೆ ಹೊಸದಲ್ಲ. ಅಂಕಿತ ಪರಂಪರೆಯು ಅದಕ್ಕೆ ಕಂಡುಕೊಂಡ ಪರಿಹಾರ ಇಂದಿನ ಆಯ್ಕೆಗೂ ದಾರಿ ತೋರಬಲ್ಲದು. ಈ ದೃಷ್ಟಿಯಿಂದ ಬಳಕೆದಾರ ಹೆಸರಿನ ಸ್ವರೂಪ, ಲಿಪಿಯ ತೊಡಕು, ಒಡೆತನ ಮತ್ತು ಸುರಕ್ಷತೆಯ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಸ್ವರೂಪ

ಸಾಮಾಜಿಕ ಜಾಲತಾಣದ ಖಾತೆಗೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಮೊದಲನೆಯದು ತೋರಿಕೆಯ ಹೆಸರು. ಇದನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು, ಪದಗಳ ನಡುವೆ ತೆರಪು ಬಿಡಬಹುದು. ಇದೇ ಹೆಸರು ಸಾವಿರಾರು ಜನರಿಗೆ ಇದ್ದರೂ ಅಡ್ಡಿಯಿಲ್ಲ. ಎರಡನೆಯದು ಬಳಕೆದಾರ ಹೆಸರು. ಒಂದು ತಾಣದಲ್ಲಿ ಒಂದು ಬಳಕೆದಾರ ಹೆಸರು ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಇದು ಖಾತೆಯ ವಿಳಾಸವೂ ಹೌದು. ವ್ಯಕ್ತಿಯನ್ನು ಉಲ್ಲೇಖಿಸುವಾಗ ಹೆಸರಿನ ಹಿಂದೆ 'ಅಟ್' ಚಿಹ್ನೆಯನ್ನು ಬಳಸಲಾಗುತ್ತದೆ. ಹೆಸರನ್ನೂ ಗಣಕಯಂತ್ರವನ್ನೂ ಬೇರ್ಪಡಿಸಲು ಈ ಚಿಹ್ನೆಯನ್ನು 1971ರಲ್ಲಿ ಮಿಂಚಂಚೆಗೆ ಮೊದಲು ಬಳಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್.

ಬಳಕೆದಾರ ಹೆಸರಿಗೆ ಪ್ರತಿ ತಾಣವೂ ತನ್ನದೇ ನಿಯಮ ವಿಧಿಸುತ್ತದೆ. ಎಕ್ಸ್‌ನಲ್ಲಿ ಹೆಸರು 15 ಅಕ್ಷರಗಳನ್ನು ಮೀರುವಂತಿಲ್ಲ. ಲ್ಯಾಟಿನ್ ಅಕ್ಷರ, ಅಂಕಿ ಮತ್ತು ಅಡಿಗೆರೆಗೆ ಮಾತ್ರ ಅವಕಾಶ. 2023ಕ್ಕೆ ಮೊದಲು ಟ್ವಿಟರ್ ಎನಿಸಿಕೊಂಡಿದ್ದ ಕಾಲದಿಂದಲೂ ಈ ಮಿತಿ ಇದೆ. ಇನ್‌ಸ್ಟಾಗ್ರಾಂನಲ್ಲಿ ಮಿತಿ 30 ಅಕ್ಷರ, ಚುಕ್ಕಿಯನ್ನೂ ಬಳಸಬಹುದು. ಫೇಸ್‌ಬುಕ್ 2009ರ ಜೂನ್‌ನಲ್ಲಿ ಬಳಕೆದಾರ ಹೆಸರುಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ನೀಡತೊಡಗಿತು. ಅಲ್ಲಿ ಚುಕ್ಕಿಯಿಂದ ಭೇದ ಏರ್ಪಡುವುದಿಲ್ಲ. ಚುಕ್ಕಿ ಇರುವ ಮತ್ತು ಇಲ್ಲದ ರೂಪಗಳೆರಡೂ ಒಂದೇ ಹೆಸರು. ಇನ್‌ಸ್ಟಾಗ್ರಾಂನಲ್ಲಾದರೋ ಒಂದು ಚುಕ್ಕಿಯ ವ್ಯತ್ಯಾಸವೇ ಇಬ್ಬರನ್ನು ಬೇರೆ ಮಾಡುತ್ತದೆ. ಹೀಗಾಗಿ ಒಂದು ತಾಣದಲ್ಲಿ ನಿರಪಾಯವೆನಿಸಿದ ಹೆಸರು ಇನ್ನೊಂದರಲ್ಲಿ ಗೊಂದಲಕ್ಕೆ ಎಡೆಗೊಡಬಹುದು.

2. ಅಂಕಿತ ಪರಂಪರೆಯ ಪಾಠ

ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ರಚನೆಯ ಕೊನೆಯಲ್ಲಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಬಳಸಿದರು. ಬಸವಣ್ಣನವರದು 'ಕೂಡಲಸಂಗಮದೇವ', ಅಲ್ಲಮಪ್ರಭುವಿನದು 'ಗುಹೇಶ್ವರ', ಜೇಡರ ದಾಸಿಮಯ್ಯನದು 'ರಾಮನಾಥ'. ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ದೈವದ ಹೆಸರನ್ನು ಹಲವರು ಬಯಸಿದಾಗ ಏನಾಯಿತು ಎಂಬುದು. ಅಕ್ಕಮಹಾದೇವಿಯ ಅಂಕಿತ 'ಚೆನ್ನಮಲ್ಲಿಕಾರ್ಜುನ', ಸಿದ್ಧರಾಮನದು 'ಕಪಿಲಸಿದ್ಧಮಲ್ಲಿಕಾರ್ಜುನ', ಮೋಳಿಗೆ ಮಾರಯ್ಯನದು 'ನಿಃಕಳಂಕಮಲ್ಲಿಕಾರ್ಜುನ'. ಮೂವರಿಗೂ ಮಲ್ಲಿಕಾರ್ಜುನನೇ ಬೇಕು. ಮೂವರೂ ಪೂರ್ವಪದದಿಂದ ತಮ್ಮ ಗುರುತನ್ನು ಸ್ಥಾಪಿಸಿಕೊಂಡಿದ್ದಾರೆ. ಆ ಪೂರ್ವಪದಗಳು ಕೇವಲ ಭೇದಕ್ಕಾಗಿ ಬಂದವಲ್ಲ. ಪ್ರತಿಯೊಂದರ ಹಿಂದೆಯೂ ಆಯಾ ವಚನಕಾರರ ಭಾವದ ಒಲವಿದೆ.

ಹರಿದಾಸ ಸಾಹಿತ್ಯದಲ್ಲಿ ಈ ಕ್ರಮ ಇನ್ನಷ್ಟು ವ್ಯವಸ್ಥಿತವಾಗಿದೆ. ಶ್ರೀಪಾದರಾಜರ 'ರಂಗವಿಠಲ', ಪುರಂದರದಾಸರ 'ಪುರಂದರವಿಠಲ', ವಿಜಯದಾಸರ 'ವಿಜಯವಿಠಲ', ಗೋಪಾಲದಾಸರ 'ಗೋಪಾಲವಿಠಲ', ಜಗನ್ನಾಥದಾಸರ 'ಜಗನ್ನಾಥವಿಠಲ' ಇವುಗಳಲ್ಲಿ ಉತ್ತರಪದ ಪರಂಪರೆಯನ್ನೂ ಪೂರ್ವಪದ ವ್ಯಕ್ತಿಯನ್ನೂ ಸೂಚಿಸುತ್ತದೆ. ದಾಸಪರಂಪರೆಯಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವ ಪದ್ಧತಿ ಬೆಳೆದುದರಿಂದ ಹೆಸರಿನ ಹಂಚಿಕೆಗೆ ಒಂದು ಶಿಸ್ತೂ ಒದಗಿತು. ಕನಕದಾಸರ 'ಕಾಗಿನೆಲೆ ಆದಿಕೇಶವ' ಮತ್ತು ಗಿರಿಯಮ್ಮನ 'ಹೆಳವನಕಟ್ಟೆ ರಂಗ' ಅಂಕಿತಗಳಲ್ಲಿ ಬೇರ್ಪಡಿಸುವ ಕೆಲಸವನ್ನು ಸ್ಥಳನಾಮ ನಿರ್ವಹಿಸಿದೆ.

ಅಂಕಿತದಲ್ಲಷ್ಟೇ ಅಲ್ಲದೆ ಶರಣರ ವ್ಯಕ್ತಿನಾಮಗಳಲ್ಲಿಯೂ ಇದೇ ವಿಧಾನ ಕಾಣಸಿಗುತ್ತದೆ. ಮಾರಯ್ಯ ಎಂಬ ಹೆಸರಿನವರು ಹಲವರಿದ್ದರು. ಕಟ್ಟಿಗೆಯ ಹೊರೆ ಮಾರುವ ಕಾಯಕದವನು ಮೋಳಿಗೆ ಮಾರಯ್ಯನಾದ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವನು ಆಯ್ದಕ್ಕಿ ಮಾರಯ್ಯನಾದ. ಅಂಬಿಗರ ಚೌಡಯ್ಯನಂತೂ ಕಾಯಕದೊಂದಿಗೆ ಸೇರಿದ ತನ್ನ ಹೆಸರನ್ನೇ ಅಂಕಿತವಾಗಿಸಿದ. ಮಾದಾರ, ಡೋಹರ ಮೊದಲಾದ ಪೂರ್ವಪದಗಳು ಕುಲವನ್ನೂ ಸೂಚಿಸುವಂಥವು. ಸಮಾಜ ಕೀಳಾಗಿ ಕಂಡಿದ್ದ ಗುರುತನ್ನು ಶರಣರು ಮರೆಮಾಚದೆ ಗೌರವದ ಗುರುತಾಗಿ ಪರಿವರ್ತಿಸಿದರು. ಈ ಎಲ್ಲ ನಿದರ್ಶನಗಳಲ್ಲಿ ಹೆಸರನ್ನು ಬೇರ್ಪಡಿಸಿದ್ದು ಕಾಯಕ, ಊರು, ನಿಲುವು ಇವುಗಳಲ್ಲಿ ಒಂದು. 'ಮೋಳಿಗೆ' ಎಂಬ ಒಂದು ಪದ ಎಂಟು ಶತಮಾನಗಳ ಬಳಿಕವೂ ಆ ವ್ಯಕ್ತಿಯ ಬದುಕನ್ನು ಹೇಳುತ್ತದೆ. ಹೆಸರಿನ ಮುಂದಿಟ್ಟ ಅಂಕಿಗೆ ಆ ಸಾಮರ್ಥ್ಯವಿಲ್ಲ.

ಆಧುನಿಕ ಕಾವ್ಯನಾಮಗಳಲ್ಲಿ ಅಡಕತನ ಮುಖ್ಯವಾಯಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಪದಗಳು 'ಕುವೆಂಪು' ಎಂಬ ಮೂರು ಅಕ್ಷರಗಳಲ್ಲಿ ನೆಲೆಗೊಂಡವು. ಅವರು ಮೊದಲು ಬಳಸಿದ್ದ 'ಕಿಶೋರಚಂದ್ರವಾಣಿ' ಎಂಬ ಹೆಸರು ಹಿಂದೆ ಸರಿಯಿತು. ರಾಯಸಂ ಭೀಮಸೇನರಾವ್ 'ಬೀಚಿ'ಯಾದರು. ಬೇಂದ್ರೆಯವರ 'ಅಂಬಿಕಾತನಯದತ್ತ' ತಾಯಿಯ ಹೆಸರನ್ನು ಮುಂದಿಟ್ಟುಕೊಂಡಿತು. ಅಜ್ಜಂಪುರ ಸೀತಾರಾಂ ಅವರ 'ಆನಂದ', ಬೆಟಗೇರಿ ಕೃಷ್ಣಶರ್ಮರ 'ಆನಂದಕಂದ', ಸಿದ್ದಯ್ಯ ಪುರಾಣಿಕರ 'ಕಾವ್ಯಾನಂದ' ಇವು ಒಂದೇ ಪದದ ಸುತ್ತ ಹುಟ್ಟಿದ ಮೂರು ಪ್ರತ್ಯೇಕ ಗುರುತುಗಳು. ಓದುಗರು ಇವನ್ನು ಸಂದರ್ಭದಿಂದ ಸುಲಭವಾಗಿ ಬೇರ್ಪಡಿಸುತ್ತಾರೆ. ಗಣಕಕ್ಕೆ ಸಂದರ್ಭ ತಿಳಿಯದು. ಅದು ಅಕ್ಷರಗಳ ಸಾಲನ್ನು ಮಾತ್ರ ಹೋಲಿಸುತ್ತದೆ.

3. ಲಿಪ್ಯಂತರದ ತೊಡಕು

ಕನ್ನಡಿಗರ ಬಳಕೆದಾರ ಹೆಸರುಗಳು ಬಹುಮಟ್ಟಿಗೆ ಲ್ಯಾಟಿನ್ ಲಿಪಿಯಲ್ಲಿವೆ. ಆ ಲಿಪಿಯಲ್ಲಿ ಹ್ರಸ್ವ–ದೀರ್ಘಗಳಿಗೆ, ಲ–ಳಗಳಿಗೆ, ನ–ಣಗಳಿಗೆ, ತ–ಟಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲ. ಉಚ್ಚಾರಭೇದ ಸೂಚಿಸುವ ವಿಶೇಷ ಗುರುತುಗಳನ್ನು ತಾಣಗಳು ಒಪ್ಪುವುದಿಲ್ಲ. ಕೆ, ಎ, ಎಲ್, ಎ ಎಂಬ ನಾಲ್ಕು ಅಕ್ಷರಗಳ ಸಾಲನ್ನು ಕಲಾ, ಕಾಲ, ಕಳ, ಕಾಳ ಎಂದು ನಾಲ್ಕು ಬಗೆಯಲ್ಲಿ ಓದಬಹುದು. ಎಂ, ಎ, ಎಲ್, ಇ ಎಂಬ ಸಾಲು ಮಲೆಯೂ ಆಗಬಹುದು, ಮಳೆಯೂ ಆಗಬಹುದು, ಮಾಲೆಯೂ ಆಗಬಹುದು. ಇಂಗ್ಲಿಷ್ ಬಲ್ಲವರಿಗೆ ಅದೇ ಸಾಲು 'ಗಂಡು' ಎಂಬ ಅರ್ಥ ನೀಡುತ್ತದೆ. ಮಳೆಯ ಕುರಿತು ಬರೆಯುವ ಕವಯಿತ್ರಿ ಆ ಹೆಸರನ್ನು ಆರಿಸಿಕೊಂಡರೆ ಉಂಟಾಗುವ ಆಭಾಸವನ್ನು ವಿವರಿಸಬೇಕಾಗಿಲ್ಲ.

ಇದರ ವಿರುದ್ಧ ದಿಕ್ಕಿನ ತೊಡಕೂ ಇದೆ. ಒಂದೇ ಕನ್ನಡ ಹೆಸರನ್ನು ಹಲವು ಬಗೆಯಲ್ಲಿ ಬರೆಯಲು ಸಾಧ್ಯ. 'ತ' ಅಕ್ಷರಕ್ಕೆ ದಕ್ಷಿಣ ಭಾರತದಲ್ಲಿ ಟಿ ಮತ್ತು ಎಚ್ ಸೇರಿಸಿ ಬರೆಯುವ ರೂಢಿಯಿದೆ. ಉತ್ತರದಲ್ಲಿ ಟಿ ಒಂದೇ ಸಾಕು. 'ಈ'ಕಾರಕ್ಕೆ ಒಂದು ಐ ಬರೆಯುವವರೂ ಎರಡು ಇ ಬರೆಯುವವರೂ ಇದ್ದಾರೆ. ಹೀಗಾಗಿ 'ಕೀರ್ತಿ' ಎಂಬ ಸರಳ ನಾಮಕ್ಕೆ ಕನಿಷ್ಠ ನಾಲ್ಕು ರೂಪಗಳು ಸಿದ್ಧಿಸುತ್ತವೆ. ಕೊನೆಯ ಅಕಾರವನ್ನು ಉಳಿಸುವುದೋ ಬಿಡುವುದೋ ಎಂಬ ಅನಿಶ್ಚಯ 'ಮಂಜುನಾಥ', 'ಪ್ರಸಾದ' ಮುಂತಾದ ಹೆಸರುಗಳಿಗೆ ಇನ್ನಷ್ಟು ರೂಪಗಳನ್ನು ಸೇರಿಸುತ್ತದೆ. ಹೆಸರನ್ನು ಕಿವಿಯಿಂದ ಕೇಳಿದವರು ಯಾವ ರೂಪವನ್ನು ಹುಡುಕಬೇಕೆಂದು ತಿಳಿಯದೆ ಬೇರೊಬ್ಬರ ಖಾತೆಯನ್ನು ತಲುಪುತ್ತಾರೆ.

ಅಳತೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಕನ್ನಡ ಅಕ್ಷರವು ವ್ಯಂಜನ–ಸ್ವರಗಳನ್ನು ಒಟ್ಟಾಗಿ ಹಿಡಿದಿಡುತ್ತದೆ. ಲ್ಯಾಟಿನ್ ಲಿಪಿ ಅವನ್ನು ಬಿಡಿಸಿ ಎಣಿಸುತ್ತದೆ. 'ಕೂಡಲಸಂಗಮದೇವ' ಕನ್ನಡದಲ್ಲಿ 8 ಅಕ್ಷರ. ಅತ್ಯಂತ ಸರಳ ಲಿಪ್ಯಂತರದಲ್ಲಿ 17. 'ಚೆನ್ನಮಲ್ಲಿಕಾರ್ಜುನ' 7 ಅಕ್ಷರ, ಲ್ಯಾಟಿನ್‌ನಲ್ಲಿ 18. 'ಅಂಬಿಕಾತನಯದತ್ತ' 8 ಅಕ್ಷರವಾದರೂ ಲ್ಯಾಟಿನ್‌ನಲ್ಲಿ 17. ಎಕ್ಸ್‌ನ 15 ಅಕ್ಷರಗಳ ಮಿತಿಯೊಳಗೆ ಈ ಮೂರರಲ್ಲಿ ಒಂದಕ್ಕೂ ಎಡೆಯಿಲ್ಲ. 'ಪುರಂದರವಿಠಲ' ಕೂಡ ಒಂದು ಅಕ್ಷರದಿಂದ ಹೊರಗುಳಿಯುತ್ತದೆ. 'ಕುವೆಂಪು' ಮಾತ್ರ 7 ಅಕ್ಷರಗಳಲ್ಲಿ ಸುಲಭವಾಗಿ ಅಡಕವಾಗುತ್ತದೆ. ಆದುದರಿಂದ ಹೆಸರಿನ ಉದ್ದವನ್ನು ಕನ್ನಡದ ಕಣ್ಣಿನಿಂದ ಅಂದಾಜು ಮಾಡದೆ ಲ್ಯಾಟಿನ್ ಅಕ್ಷರಗಳನ್ನು ಎಣಿಸಿಯೇ ನಿರ್ಧರಿಸುವುದು ಯುಕ್ತ.

ತೆರಪಿಗೆ ಅವಕಾಶವಿಲ್ಲದಿರುವುದರಿಂದ ಪದಗಳ ಸಂಧಿಸ್ಥಾನವೂ ಮಸುಕಾಗುತ್ತದೆ. 'ಹೊಸ ಅಲೆ' ಎಂಬ ಎರಡು ಪದಗಳನ್ನು ಕೂಡಿಸಿ ಬರೆದರೆ ಎರಡು 'ಎ' ಅಕ್ಷರಗಳು ಒಟ್ಟಿಗೆ ಬಂದು 'ಹೊಸಾಲೆ' ಎಂದು ಓದಲ್ಪಡುತ್ತದೆ. ಒಂದು 'ಎ' ಬಿಟ್ಟರೆ ಲೋಪಸಂಧಿಯಾದಂತಾಗಿ ಪದವೇ ಗುರುತು ಸಿಗದಂತಾಗುತ್ತದೆ. ಇಂತಹ ಸ್ಥಳದಲ್ಲಿ ಒಂದು ಅಡಿಗೆರೆ ನೆರವಾಗುತ್ತದೆ. ಆದರೆ ಎರಡು ಮೂರು ಅಡಿಗೆರೆಗಳಿರುವ ಹೆಸರನ್ನು ದೂರವಾಣಿಯಲ್ಲಿ ಹೇಳುವುದು ಕಷ್ಟ. ಅಡಿಗೆರೆಗಳ ಸಂಖ್ಯೆ ಕಣ್ಣಿಗೂ ಸ್ಪಷ್ಟವಾಗಿ ಕಾಣದು.

4. ಕನ್ನಡ ಲಿಪಿಯ ಬಳಕೆದಾರ ಹೆಸರು

ಲ್ಯಾಟಿನ್ ಲಿಪಿಯ ಈ ತೊಡಕುಗಳಿಗೆ ಕನ್ನಡ ಲಿಪಿಯೇ ಪರಿಹಾರವಲ್ಲವೇ ಎಂಬ ಪ್ರಶ್ನೆ ಸಹಜ. ತಾಂತ್ರಿಕವಾಗಿ ಇದು ಅಸಾಧ್ಯವೇನಲ್ಲ. ಯುನಿಕೋಡ್ ಶಿಷ್ಟತೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿತ್ತು. 2003ರಲ್ಲಿ ಆರಂಭಗೊಂಡ ಕನ್ನಡ ವಿಕಿಪೀಡಿಯದಲ್ಲಿ ಕನ್ನಡ ಲಿಪಿಯ ಬಳಕೆದಾರ ಹೆಸರು ಪಡೆಯಬಹುದು. ಆ ಒಂದೇ ಹೆಸರು ಇತರ ಭಾಷೆಗಳ ವಿಕಿಪೀಡಿಯಗಳಲ್ಲಿಯೂ ಸಲ್ಲುತ್ತದೆ. 2022ರ ಅಕ್ಟೋಬರಿನಲ್ಲಿ ಇಂತಹ ಹೆಸರುಗಳ ವ್ಯವಸ್ಥೆಯನ್ನು ಪರಿಚಯಿಸಿದ ಯೂಟ್ಯೂಬ್ ಕೂಡ ಆನಂತರ ಲ್ಯಾಟಿನ್ ಅಲ್ಲದ ಲಿಪಿಗಳಿಗೆ ಬಾಗಿಲು ತೆರೆದಿದೆ. ಎಕ್ಸ್, ಇನ್‌ಸ್ಟಾಗ್ರಾಂಗಳಲ್ಲಿ ಲ್ಯಾಟಿನ್ ಲಿಪಿಯೇ ಅನಿವಾರ್ಯ.

ಕನ್ನಡ ಲಿಪಿಗೂ ತನ್ನದೇ ಸೂಕ್ಷ್ಮಗಳಿವೆ. ಅನುಸ್ವಾರದ ಬಿಂದುವೂ ಕನ್ನಡ ಅಂಕಿಯ ಸೊನ್ನೆಯೂ ನೋಟಕ್ಕೆ ಒಂದೇ ವೃತ್ತ. ಗಣಕಕ್ಕೆ ಅವು ಎರಡು ಬೇರೆ ಸಂಕೇತಗಳು. ತೆಲುಗಿನ ಹಲವು ಅಕ್ಷರಗಳು ಕನ್ನಡದವನ್ನು ಬಹುವಾಗಿ ಹೋಲುತ್ತವೆ. ಸಂಕೇತಗಳು ಮಾತ್ರ ಬೇರೆ. 'ಒ'ಕಾರದ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಇವೆರಡನ್ನೂ ಸಮೀಕರಿಸುವ ಹೊಣೆ ತಂತ್ರಾಂಶದ್ದು. ಈ ಸಾಮ್ಯವನ್ನು ಬಳಸಿಕೊಂಡು ಇನ್ನೊಬ್ಬರ ಹೆಸರನ್ನು ನಕಲು ಮಾಡುವುದು ಸಾಧ್ಯ. ಲ್ಯಾಟಿನ್ ಲಿಪಿಯಲ್ಲಿ ಸೊನ್ನೆಯೂ 'ಓ' ಅಕ್ಷರವೂ, ಒಂದು ಎಂಬ ಅಂಕಿಯೂ ಸಣ್ಣ 'ಎಲ್' ಅಕ್ಷರವೂ ಇದೇ ಬಗೆಯ ಗೊಂದಲ ಉಂಟುಮಾಡುತ್ತವೆ. ಅವಕಾಶವಿರುವಲ್ಲಿ ಕನ್ನಡ ಲಿಪಿಯ ಹೆಸರನ್ನು ಪಡೆಯುವುದು ಒಳ್ಳೆಯದೇ. ಆದರೆ ಕನ್ನಡ ಕೀಲಿಮಣೆ ಇಲ್ಲದವರು ಅದನ್ನು ಹುಡುಕಲಾರರು ಎಂಬುದನ್ನು ನೆನಪಿಡಬೇಕು. ಬಳಕೆದಾರ ಹೆಸರು ಲ್ಯಾಟಿನ್ ಲಿಪಿಯಲ್ಲಿಯೇ ಇರಬೇಕಾದ ತಾಣಗಳಲ್ಲಿ ತೋರಿಕೆಯ ಹೆಸರನ್ನಾದರೂ ಕನ್ನಡದಲ್ಲಿ ಇಡುವುದರಿಂದ ಸರಿಯಾದ ಉಚ್ಚಾರಣೆ ಓದುಗರಿಗೆ ತಿಳಿಯುತ್ತದೆ.

5. ಒಡೆತನ ಮತ್ತು ಸುರಕ್ಷತೆ

ಅಂಕಿತಕ್ಕೂ ಬಳಕೆದಾರ ಹೆಸರಿಗೂ ಇರುವ ಪ್ರಮುಖ ವ್ಯತ್ಯಾಸ ಒಡೆತನದ್ದು. ಅಂಕಿತವನ್ನು ಕಾಯುವುದು ಸಮುದಾಯದ ಸ್ಮೃತಿ. ಆ ಕಾವಲು ಸಡಿಲವಾದಾಗ ಏನಾಗುತ್ತದೆ ಎಂಬುದಕ್ಕೆ ಸರ್ವಜ್ಞನ ತ್ರಿಪದಿಗಳೇ ಸಾಕ್ಷಿ. 1924ರಲ್ಲಿ ಚನ್ನಪ್ಪ ಉತ್ತಂಗಿಯವರು ಅವನ್ನು ಸಂಪಾದಿಸಿ ಪ್ರಕಟಿಸಿದ ಬಳಿಕವೂ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ಚರ್ಚೆ ನಿಂತಿಲ್ಲ. ಕೊನೆಯಲ್ಲಿ 'ಸರ್ವಜ್ಞ' ಎಂದು ಸೇರಿಸಿ ಯಾರು ಬೇಕಾದರೂ ತ್ರಿಪದಿ ಕಟ್ಟಬಹುದಾಗಿತ್ತು. ಅಂಕಿತದ ಬದಲಾವಣೆ ನ್ಯಾಯಾಲಯದವರೆಗೂ ಹೋದ ನಿದರ್ಶನವಿದೆ. ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದ್ದ ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಹೆಸರು ಎಷ್ಟು ಗಂಭೀರವಾದ ಸಂಗತಿ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಬಳಕೆದಾರ ಹೆಸರನ್ನು ಕಾಯುವುದು ಅದನ್ನು ನೀಡಿದ ಸಂಸ್ಥೆಯ ನಿಯಮಾವಳಿ ಮಾತ್ರ. ಅದು ಬಳಕೆದಾರರ ಆಸ್ತಿಯಲ್ಲ. 2023ರ ಜುಲೈನಲ್ಲಿ ಟ್ವಿಟರ್ ತನ್ನ ಹೆಸರನ್ನು ಎಕ್ಸ್ ಎಂದು ಬದಲಿಸಿಕೊಂಡಾಗ, ಆ ಒಂದಕ್ಷರದ ಹೆಸರನ್ನು ಹಲವು ವರ್ಷಗಳಿಂದ ಬಳಸುತ್ತಿದ್ದ ವ್ಯಕ್ತಿಯಿಂದ ಅದನ್ನು ಸಂಸ್ಥೆಯೇ ತೆಗೆದುಕೊಂಡಿತು. ಇನ್ನೊಂದು ಅಪಾಯ ಬಳಕೆದಾರರೇ ಹೆಸರು ಬದಲಿಸುವಾಗ ಉಂಟಾಗುತ್ತದೆ. ಬಿಟ್ಟುಕೊಟ್ಟ ಹೆಸರನ್ನು ಮತ್ತೊಬ್ಬರು ಪಡೆಯಬಹುದು. ಹಳೆಯ ಲೇಖನಗಳಲ್ಲಿ, ಪುಸ್ತಕಗಳಲ್ಲಿ ಅಚ್ಚಾದ ವಿಳಾಸ ಆಗ ಅಪರಿಚಿತರ ಬಳಿಗೆ ಕರೆದೊಯ್ಯುತ್ತದೆ. ಮೊದಲ ಆಯ್ಕೆಯಲ್ಲಿಯೇ ಎಚ್ಚರ ವಹಿಸಲು ಇದೊಂದು ಬಲವಾದ ಕಾರಣ.

ಹೆಸರಿಗೆ ಹುಟ್ಟಿದ ವರ್ಷ, ವಾಹನದ ಸಂಖ್ಯೆ, ಮೊಬೈಲ್ ಅಂಕಿಗಳನ್ನು ಸೇರಿಸುವುದು ಸುರಕ್ಷತೆಯ ದೃಷ್ಟಿಯಿಂದಲೂ ಸಲ್ಲದು. ಖಾತೆಯ ಪ್ರವೇಶಕ್ಕೆ ಹೆಸರು ಮತ್ತು ಗುಪ್ತಪದ ಎಂಬ ಎರಡು ಭಾಗಗಳಿದ್ದು, ಮೊದಲನೆಯದು ಹೇಗೂ ಬಹಿರಂಗ. ಅದರಲ್ಲಿಯೇ ಜನ್ಮವರ್ಷವನ್ನೂ ಪ್ರಕಟಿಸಿದರೆ ಗುಪ್ತಪದ ಊಹಿಸುವವರಿಗೂ ಗುರುತು ಕದಿಯುವವರಿಗೂ ಸುಳಿವು ದೊರೆಯುತ್ತದೆ. ಎಲ್ಲ ತಾಣಗಳಲ್ಲಿ ಒಂದೇ ಹೆಸರನ್ನು ಬಳಸುವುದರಿಂದ ಓದುಗರಿಗೆ ಅನುಕೂಲವಿದೆ. ಆದರೆ ಆ ಹೆಸರಿನ ಎಳೆ ಹಿಡಿದು ವ್ಯಕ್ತಿಯ ಎಲ್ಲ ಚಟುವಟಿಕೆಗಳನ್ನೂ ಒಂದೆಡೆ ಕಲೆಹಾಕುವುದು ಸುಲಭ. ಅನಸೂಯಾ ಶಂಕರ್ ಅವರು 'ತ್ರಿವೇಣಿ'ಯಾಗಿ ಬರೆದಂತೆ, ಸಾರ್ವಜನಿಕ ಬರವಣಿಗೆಗೆ ಒಂದು ಹೆಸರು, ಮನೆಯವರು ಮತ್ತು ಆಪ್ತರ ಒಡನಾಟಕ್ಕೆ ಇನ್ನೊಂದು ಹೆಸರು ಇಟ್ಟುಕೊಳ್ಳುವುದು ವಿವೇಕದ ದಾರಿ. ಅನಪೇಕ್ಷಿತ ಸಂದೇಶ, ಹಿಂಬಾಲಿಕೆಗಳಿಗೆ ಹೆಚ್ಚಾಗಿ ಈಡಾಗುವ ಮಹಿಳೆಯರಿಗೆ ಈ ಬೇರ್ಪಡಿಕೆ ರಕ್ಷಣೆಯೂ ಆಗುತ್ತದೆ. ಆದರೆ ಎರಡು ಖಾತೆಗಳಿಗೂ ಹೋಲುವ ಹೆಸರಿಟ್ಟರೆ ಉದ್ದೇಶವೇ ವಿಫಲವಾಗುತ್ತದೆ.

6. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಮಂಜುನಾಥ ಎಂಬ ಅಧ್ಯಾಪಕರಿಗೆ ಶಾಸನಗಳಲ್ಲಿ ಆಸಕ್ತಿ. 'ಮಂಜುನಾಥ' ಎಂಬ ಹೆಸರು ಅದರ ಎಲ್ಲ ಲ್ಯಾಟಿನ್ ರೂಪಗಳಲ್ಲಿಯೂ ಈಗಾಗಲೇ ಬೇರೆಯವರಿಗೆ ಸಂದಿದೆ. ತಾಣವು ಅಂಕಿ ಸೇರಿಸಿದ ರೂಪಗಳನ್ನು ಸೂಚಿಸುತ್ತದೆ. ಕಾಲೇಜಿನ ಹೆಸರನ್ನು ಸೇರಿಸಿದರೆ ವರ್ಗಾವಣೆಯಾದಾಗ ಅರ್ಥ ಕಳೆದುಕೊಳ್ಳುತ್ತದೆ. ಮೋಳಿಗೆ ಮಾರಯ್ಯನ ಮಾದರಿಯಲ್ಲಿ ಕಾಯಕವನ್ನು ಮುಂದಿಟ್ಟು 'ಶಾಸನಮಂಜುನಾಥ' ಎಂದರೆ ಅರ್ಥವೇನೋ ಸರಿ. ಲ್ಯಾಟಿನ್‌ನಲ್ಲಿ 17 ಅಕ್ಷರವಾಗಿ ಎಕ್ಸ್‌ನ ಮಿತಿ ಮೀರುತ್ತದೆ. 'ಶಾಸನಮಂಜು' ಎಂದು ಅಡಕಗೊಳಿಸಿದರೆ 12 ಅಕ್ಷರಗಳಲ್ಲಿ ನಿಲ್ಲುತ್ತದೆ. ಅದರಲ್ಲಿ ಲ–ಳ, ತ–ಟಗಳ ಗೊಂದಲವಿಲ್ಲ, ಅಡಿಗೆರೆಯ ಅಗತ್ಯವಿಲ್ಲ, ವಯಸ್ಸಿನ ಸುಳಿವೂ ಇಲ್ಲ. ಆಸಕ್ತರು ಒಮ್ಮೆ ಕೇಳಿದರೆ ಮರೆಯಲಾರರು.

ಹೆಸರನ್ನು ಅಂತಿಮಗೊಳಿಸುವ ಮುನ್ನ ಮೂರು ಪರೀಕ್ಷೆಗಳು ಉಪಯುಕ್ತ. ಮೊದಲನೆಯದು ಕಿವಿಯ ಪರೀಕ್ಷೆ. ಹೆಸರನ್ನು ಬಾಯಿಯಲ್ಲಿ ಹೇಳಿ, ಕೇಳಿದವರು ಅದನ್ನು ಲ್ಯಾಟಿನ್ ಲಿಪಿಯಲ್ಲಿ ಸರಿಯಾಗಿ ಬರೆಯುತ್ತಾರೆಯೇ ಎಂದು ನೋಡುವುದು. ಎರಡನೆಯದು ಕಣ್ಣಿನ ಪರೀಕ್ಷೆ. ಬರೆದ ಹೆಸರನ್ನು ಕನ್ನಡ ಬಲ್ಲವರಿಂದಲೂ ಬಾರದವರಿಂದಲೂ ಓದಿಸಿ, ಅನಪೇಕ್ಷಿತ ಅರ್ಥ ಹೊಮ್ಮುವುದೇ ಎಂದು ಗಮನಿಸುವುದು. ಮೂರನೆಯದು ಕಾಲದ ಪರೀಕ್ಷೆ. ಹತ್ತು ವರ್ಷಗಳ ಬಳಿಕ ಊರು, ಉದ್ಯೋಗ, ಅಭಿರುಚಿ ಬದಲಾದಾಗಲೂ ಆ ಹೆಸರಿನಿಂದ ಕರೆಸಿಕೊಳ್ಳಲು ಸಂಕೋಚವಾಗದೇ ಎಂದು ಕೇಳಿಕೊಳ್ಳುವುದು. ಮೂರರಲ್ಲಿಯೂ ಉತ್ತೀರ್ಣವಾದ ಹೆಸರನ್ನು ಸದ್ಯಕ್ಕೆ ಬಳಸದ ಪ್ರಮುಖ ತಾಣಗಳಲ್ಲಿಯೂ ಕಾಯ್ದಿರಿಸುವುದರಿಂದ ಸೋಗು ಹಾಕುವವರಿಗೆ ಅವಕಾಶ ಕಡಿಮೆಯಾಗುತ್ತದೆ. ಸಂಘ, ಶಾಲೆ, ವಿಭಾಗಗಳ ಖಾತೆಗಳಿಗೆ ಮಾತ್ರ ವ್ಯಕ್ತಿಯ ಹೆಸರು ಎಂದೂ ಸಲ್ಲದು. ಹುದ್ದೆಯಲ್ಲಿದ್ದವರು ನಿರ್ಗಮಿಸಿದಾಗ ಖಾತೆಯೂ ಅವರೊಂದಿಗೆ ಹೊರಟುಹೋಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಬಳಕೆದಾರ ಹೆಸರು ತಾಂತ್ರಿಕ ಅಗತ್ಯದಿಂದ ಹುಟ್ಟಿದ್ದರೂ ಅದರ ಆಯ್ಕೆ ಭಾಷೆಯ ಪ್ರಶ್ನೆಯೇ ಆಗಿದೆ. ಯಂತ್ರವು ಬೇಡುವುದು ಅನನ್ಯತೆಯನ್ನು ಮಾತ್ರ. ಅದನ್ನು ಅಂಕಿಯಿಂದಲೂ ಸಾಧಿಸಬಹುದು, ಪದದಿಂದಲೂ ಸಾಧಿಸಬಹುದು. ಒಂದೇ ಮಲ್ಲಿಕಾರ್ಜುನನನ್ನು ಹಂಚಿಕೊಂಡ ಮೂವರು ಶರಣರು, ಒಂದೇ ವಿಠಲನನ್ನು ಹಂಚಿಕೊಂಡ ದಾಸರು ಪದದ ದಾರಿಯನ್ನು ಹಿಡಿದರು. ಆದ್ದರಿಂದಲೇ ಅವರ ರಚನೆಯ ಕೊನೆಯ ಪದವನ್ನು ಕೇಳಿದೊಡನೆ ಇಂದಿಗೂ ಕೇಳುಗರಿಗೆ ಕರ್ತೃವಿನ ಗುರುತು ಹತ್ತುತ್ತದೆ.